ನೋಟಿಸುಗಳನ್ನು ಸರಳ ಕನ್ನಡದಲ್ಲಿ ನೀಡುವಂತೆ ಕೋರಿ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಶಿವಮೊಗ್ಗ ಜಿಲ್ಲೆ, ಶಿವಮೊಗ್ಗ.

ವಿಷಯ: ಸಾರ್ವಜನಿಕರಿಗೆ ಜಾರಿಯಾಗುವ ನೋಟಿಸುಗಳಿಗೆ ಸುಲಭವಾಗಿ ಓದಬಹುದಾದ ಏಕರೂಪ ನಮೂನೆ ನಿಗದಿಪಡಿಸುವ ಬಗ್ಗೆ.

ಮಾನ್ಯರೇ,

ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳ ನಿವಾಸಿಗಳಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಜಮೀನು, ಅರಣ್ಯ ಹಕ್ಕು, ಕಂದಾಯ ಬಾಕಿ ಮೊದಲಾದ ವಿಷಯಗಳಲ್ಲಿ ಬೇರೆ ಬೇರೆ ಕಚೇರಿಗಳಿಂದ ಬರುವ ನೋಟಿಸುಗಳು ಕನ್ನಡದಲ್ಲಿಯೇ ಇದ್ದರೂ, ಯಾವ ದಿನದೊಳಗೆ ಎಲ್ಲಿಗೆ ಹೋಗಿ ಏನು ಮಾಡಬೇಕೆಂಬುದು ಅವುಗಳಿಂದ ತಿಳಿಯುವುದಿಲ್ಲ. ಕಲಂಗಳು ಮತ್ತು ಹಿಂದಿನ ಆದೇಶಗಳ ಸಂಖ್ಯೆಗಳೆಲ್ಲ ಮುಗಿದ ಮೇಲೆ, ಅರ್ಧ ಪುಟದ ಒಂದೇ ವಾಕ್ಯದ ಕೊನೆಯಲ್ಲಿ ವಿಚಾರಣೆಯ ದಿನಾಂಕ ಇರುತ್ತದೆ.

ಅರಣ್ಯ ಹಕ್ಕಿನ ಅರ್ಜಿದಾರರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 6ನೇ ಕಲಂ ಪ್ರಕಾರ, ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದವರು 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಮಳೆಗಾಲದಲ್ಲಿ ಒಂಟಿ ಮನೆಗಳಿಗೆ ಅಂಚೆ ತಲುಪುವುದೇ ತಡವಾಗಿರುವಾಗ, ಬಂದ ಕಾಗದವನ್ನು ಓದಿಸಿ ತಿಳಿದುಕೊಳ್ಳಲು ಪೇಟೆಗೆ ಹೋಗಬೇಕಾದರೆ ಆ ಅವಧಿ ಇನ್ನಷ್ಟು ಕರಗುತ್ತದೆ.

ಇದಕ್ಕೆ ಪರಿಹಾರ ಕಾನೂನಿನಲ್ಲಿಯೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 7(8)ನೇ ಕಲಂ, ಅರ್ಜಿಯನ್ನು ತಿರಸ್ಕರಿಸುವಾಗ ಅದರ ಕಾರಣ, ಮೇಲ್ಮನವಿಯ ಅವಧಿ ಮತ್ತು ಮೇಲ್ಮನವಿ ಪ್ರಾಧಿಕಾರದ ವಿವರ ಈ ಮೂರನ್ನೂ ತಿಳಿಸಬೇಕೆಂದು ಹೇಳುತ್ತದೆ. ಇದೇ ಕ್ರಮವನ್ನು ಎಲ್ಲ ನೋಟಿಸುಗಳಿಗೂ ಅನುಸರಿಸಲು ಅಡ್ಡಿಯಿರಲಾರದೆಂದು ನಮ್ಮ ಭಾವನೆ. ನೋಟಿಸಿನ ಮೊದಲ ಸಾಲುಗಳು ಹೀಗಿದ್ದರೆ ಸಾಕು: "ನಿಮ್ಮ ಅರ್ಜಿಯ ವಿಚಾರಣೆ ಇಂಥ ದಿನ ಬೆಳಿಗ್ಗೆ 11 ಗಂಟೆಗೆ ಇಂಥ ಕಚೇರಿಯಲ್ಲಿ ನಡೆಯುತ್ತದೆ. ಬರುವಾಗ ಪಹಣಿ ಮತ್ತು ಕಂದಾಯ ರಸೀದಿ ತನ್ನಿ. ಬರದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಮಾನವಾಗಬಹುದು."

ಕಲಂ ಸಂಖ್ಯೆ, ಸರ್ವೆ ನಂಬರು, ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರ) ಇವುಗಳನ್ನು ಕೈಬಿಡಬೇಕೆಂದು ನಾವು ಕೇಳುತ್ತಿಲ್ಲ. ಅವಿಲ್ಲದ ನೋಟಿಸು ನಾಳೆ ನ್ಯಾಯಾಲಯದಲ್ಲಿ ನಿಲ್ಲದೇ ಹೋಗಬಹುದು. ಅವು ಸಾರಾಂಶದ ಕೆಳಗೆ, ಪ್ರತ್ಯೇಕ ಭಾಗದಲ್ಲಿ ಬರಲಿ. ಎರಡು ಭಾಗಗಳ ನಡುವೆ ವ್ಯತ್ಯಾಸ ಬಾರದಂತೆ ಸರ್ಕಾರಿ ವಕೀಲರು ನಮೂನೆಯನ್ನು ಪರಿಶೀಲಿಸಲಿ. ಉಚಿತ ಕಾನೂನು ನೆರವಿನ ದೂರವಾಣಿ ಸಂಖ್ಯೆ 15100 ಅನ್ನು ಕೊನೆಯಲ್ಲಿ ಮುದ್ರಿಸಿದರೆ ಅನೇಕರಿಗೆ ಉಪಕಾರವಾಗುತ್ತದೆ.

ಮುದ್ರಣದ ವಿಷಯವೂ ಕಡೆಗಣಿಸುವಂಥದ್ದಲ್ಲ. ಅಕ್ಷರ ಚಿಕ್ಕದಾಗಿ ಸಾಲುಗಳು ಒತ್ತೊತ್ತಾಗಿದ್ದರೆ, ಜೆರಾಕ್ಸ್ ಪ್ರತಿಯಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗಿ ಮಸಿಯಾಗುತ್ತವೆ. ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಮೊಬೈಲಿನಲ್ಲಿ ತೆರೆದರೆ ಅನೇಕ ವೇಳೆ ಕನ್ನಡ ಅಕ್ಷರಗಳೇ ಕಾಣುವುದಿಲ್ಲ. ಆದ್ದರಿಂದ ಕಂಪ್ಯೂಟರ್, ಮೊಬೈಲ್ ಎರಡರಲ್ಲೂ ಓದಬಹುದಾದ ಯೂನಿಕೋಡ್ ಅಕ್ಷರಸಂಕೇತದ ಬಳಕೆ ಕಡ್ಡಾಯವಾಗಲಿ. ಗೋಡೆಗೆ ಅಂಟಿಸುವ ಸಾರ್ವಜನಿಕ ನೋಟಿಸುಗಳು ಜೂನ್ ಕಳೆಯುವುದರೊಳಗೆ ಮಳೆಗೆ ತೊಯ್ದು ಹೋಗುವುದರಿಂದ, ಗ್ರಾಮ ಪಂಚಾಯಿತಿ ಮತ್ತು ನ್ಯಾಯಬೆಲೆ ಅಂಗಡಿಗಳಲ್ಲಿ ಗಾಜಿನ ಫಲಕ ಹಾಕಿಸಬೇಕೆಂದು ಕೋರುತ್ತೇವೆ.

ನಮೂನೆಯನ್ನು ಅಂತಿಮಗೊಳಿಸುವ ಮುನ್ನ ಕಚೇರಿಯ ವ್ಯವಹಾರ ಬಲ್ಲವರಿಗೆ ಮಾತ್ರವಲ್ಲದೆ ಕೆಲವು ಗ್ರಾಮಸ್ಥರಿಗೂ ಓದಲು ಕೊಟ್ಟು, ನೋಟಿಸು ಬಂದವರು ಏನು ಮಾಡಬೇಕೆಂದು ಅವರು ಅರ್ಥಮಾಡಿಕೊಂಡಿದ್ದಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿಯಬೇಕಾಗಿ ವಿನಂತಿ. ನಾವು ಸಿದ್ಧಪಡಿಸಿದ ಒಂದು ಪುಟದ ಮಾದರಿಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳ ನಿವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)