ಕಲ್ಲುಪುಡಿಯ ಲೆಕ್ಕ

ವಿಜಯಪುರ

ಚಿ. ಸಹನಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಹೊಲಗಳಿಗೆ ಬಸಾಲ್ಟ್ ಎಂಬ ಕರಿಗಲ್ಲಿನ ಪುಡಿ ಹರಡಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ತೆಗೆಯುವ, ತೆಗೆದ ಒಂದೊಂದು ಟನ್ನನ್ನೂ ತಮ್ಮ ಹೊಗೆಯ ಲೆಕ್ಕಕ್ಕೆ ಸರಿದೂಗಿಸಿಕೊಳ್ಳುವವರಿಗೆ ಕ್ರೆಡಿಟ್ ಎಂದು ಮಾರುವ ಸಂಸ್ಥೆಯಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ನಿಮ್ಮ ಅವ್ವ ಫೋನಿನಲ್ಲಿ ಹೇಳಿದಳು. ಕಲ್ಲು ಅರೆದು ಹೊಲಕ್ಕೆ ಹಾಕಿದರೆ ಲೋಕದ ಸೆಕೆ ಇಳಿಯುತ್ತದೆಯೇ ಎಂದು ಕೇಳಿ ನಕ್ಕಳು. ಮೂವತ್ತು ವರ್ಷ ಮಣ್ಣು ಪರೀಕ್ಷೆಯಲ್ಲೇ ಕಳೆದ ನನಗೆ ನಗು ಬರಲಿಲ್ಲ. ನಿನಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ಈ ವಿಜ್ಞಾನ ಸುಳ್ಳಲ್ಲ. ಮಳೆನೀರು ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಆ ಆಮ್ಲವು ಕಲ್ಲಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸಿ ತಾನು ಬೈಕಾರ್ಬೊನೇಟ್ ಎಂಬ, ನೀರಿನಲ್ಲಿ ಕರಗಿದ ಲವಣವಾಗಿ ಹಳ್ಳ, ಹೊಳೆಗಳ ಮೂಲಕ ಸಮುದ್ರ ಸೇರಿದರೆ ಸಾವಿರಾರು ವರ್ಷ ಗಾಳಿಗೆ ಮರಳುವುದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ದಖನ್ನಿನ ಕರಿಗಲ್ಲು ಹೀಗೆಯೇ ಸವೆದು ನಮ್ಮ ಎರೆಮಣ್ಣಾಯಿತು. ಕಲ್ಲನ್ನು ನುಣ್ಣಗೆ ಅರೆದಷ್ಟೂ ನೀರಿಗೆ ಸಿಗುವ ಮೈ ಹೆಚ್ಚಿ, ನಿಧಾನದ ಈ ಕೆಲಸ ಬೇಗ ಆಗುತ್ತದೆ. ಆದರೂ ಒಂದು ಟನ್ ಬಸಾಲ್ಟ್ ಹೆಚ್ಚೆಂದರೆ ಸುಮಾರು 300 ಕಿಲೋ ಇಂಗಾಲದ ಡೈಆಕ್ಸೈಡನ್ನು ಹಿಡಿದೀತು, ಅದೂ ಪೂರ್ತಿ ಕರಗಿದ ಮೇಲೆ. ಅರೆಯುವ ಕ್ರಷರಿನ ಕರೆಂಟನ್ನೂ ಸಾಗಿಸುವ ಲಾರಿಯ ಡೀಸೆಲನ್ನೂ ಅದರಲ್ಲಿ ಕಳೆಯಬೇಕು.

ಕಷ್ಟವಿರುವುದು ಹೊಲದಲ್ಲಿ. ನಮ್ಮ ಹೊಲದ ಮಣ್ಣಿನಲ್ಲಿ ಬಿಳಿಯ ಸುಣ್ಣದ ಹರಳುಗಳಿರುವುದನ್ನು ನೀನು ಚಿಕ್ಕಂದಿನಲ್ಲಿ ಆರಿಸಿ ಆಡಿದ್ದೀಯೆ. ಅದರ ಮೇಲೆ ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಬುಸ್ಸೆಂದು ನೊರೆಯೇಳುತ್ತದೆ. ಆ ನೊರೆಯೇ ಇಂಗಾಲದ ಡೈಆಕ್ಸೈಡ್. ಬೈಕಾರ್ಬೊನೇಟ್ ಸಮುದ್ರದವರೆಗೆ ಹೋಗದೆ ಇಲ್ಲಿಯೇ ಸುಣ್ಣದ ಹರಳಾಗಿ ಕೂತರೆ ಹಿಡಿದದ್ದರಲ್ಲಿ ಅರ್ಧ ಗಾಳಿಗೆ ಹಿಂದಿರುಗುತ್ತದೆ. ಹುಳಿಮಣ್ಣಿನ ಸೀಮೆಯಲ್ಲಿ ಕಲ್ಲು ಬೇಗ ಕರಗುವುದು ನಿಜ, ಆದರೆ ಅಲ್ಲಿ ಯೂರಿಯಾದಂಥ ಗೊಬ್ಬರದಿಂದ ಹುಟ್ಟಿದ ನೈಟ್ರಿಕ್ ಆಮ್ಲವೇ ಕಲ್ಲನ್ನು ಕರಗಿಸಿಬಿಟ್ಟರೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಗಾಳಿಯಿಂದ ಒಂದು ಗ್ರಾಮೂ ಇಳಿಯುವುದಿಲ್ಲ. ಆದ್ದರಿಂದ ಎಷ್ಟು ಪುಡಿ ಹರಡಿದೆವು ಎಂಬ ಲೆಕ್ಕದಿಂದ ಎಷ್ಟು ಟನ್ ತೆಗೆದೆವು ಎಂಬ ಲೆಕ್ಕ ಹುಟ್ಟುವುದಿಲ್ಲ. ಪುಡಿಯಲ್ಲಿರುವ ಟೈಟಾನಿಯಂ ಕರಗದೆ ಉಳಿಯುವುದರಿಂದ, ಅದಕ್ಕೆ ಹೋಲಿಸಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ತೊಳೆದುಹೋಯಿತೆಂದು ನೋಡುವ ಕ್ರಮವೊಂದಿದೆ. ಕ್ರಮ ಒಳ್ಳೆಯದೇ, ಆದರೆ ಅದು ನಿಂತಿರುವುದು ಮಣ್ಣಿನ ಮಾದರಿಯ ಮೇಲೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಮಾದರಿ ತೆಗೆಯುವಾಗ ಬದು, ಮರದ ನೆರಳು, ತಿಪ್ಪೆಯ ಬದಿ ಬಿಟ್ಟು, ಹೊಲದ ಎಂಟು ಹತ್ತು ಕಡೆ 'ವಿ' ಆಕಾರದ ಗುಂಡಿ ತೋಡಿ, ಅರ್ಧ ಅಡಿ ಆಳದವರೆಗಿನ ಮಣ್ಣನ್ನು ಕೆರೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತ ಅರ್ಧ ಕಿಲೋಕ್ಕೆ ಇಳಿಸಬೇಕು. ಗುರಿ ಮುಟ್ಟಿಸುವ ಅವಸರದ ಒಂದು ಬೇಸಿಗೆಯಲ್ಲಿ ನಾನು ರಸ್ತೆ ಪಕ್ಕದ ಒಂದೇ ಹೊಲದ ಮಣ್ಣನ್ನು ಆರು ಚೀಲಕ್ಕೆ ತುಂಬಿ ಆರು ಹೆಸರು ಬರೆದೆ. ಆರು ಜನರ ವರದಿಯೂ ಒಂದೇ ಬಂತು. ಅವರಲ್ಲೊಬ್ಬ ರೈತ ಬಂದು, "ಸಾಹೇಬ್ರ, ನಂದು ಮಸಬು, ಅವಂದು ಎರಿ, ಎರಡೂ ಒಂದ ಹೆಂಗ ಆದವು?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಸುಳ್ಳಿಗೆ ಕೇಳುವವನೊಬ್ಬ ಇದ್ದ. ನಿಮ್ಮ ಟನ್ನನ್ನು ಕೊಳ್ಳುವವನು ದೂರದ ದೇಶದಲ್ಲಿರುತ್ತಾನೆ, ಕೊಂಡದ್ದು ಅವನ ಕಣ್ಣಿಗೆ ಕಾಣುವಂಥದ್ದಲ್ಲ. ಮಾರುವವನು ಹೆಚ್ಚು ಬರೆದರೆ ಇಬ್ಬರಿಗೂ ಹಿತ, ಗಾಳಿಗೆ ಮಾತ್ರ ನಷ್ಟ.

ನಿಯಮಗಳು ಈಗೀಗ ರೂಪುಗೊಳ್ಳುತ್ತಿವೆ. ಐರೋಪ್ಯ ಒಕ್ಕೂಟ 2024ರಲ್ಲಿ ಇಂಗಾಲ ತೆಗೆಯುವಿಕೆಯ ಪ್ರಮಾಣೀಕರಣಕ್ಕೆ ಕಾನೂನು ಮಾಡಿತು, ಅದೇ ವರ್ಷ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಪ್ಯಾರಿಸ್ ಹವಾಮಾನ ಒಪ್ಪಂದದಡಿಯ ಕ್ರೆಡಿಟ್ ಮಾರುಕಟ್ಟೆಗೆ ಮಾನದಂಡಗಳು ಬಂದವು, ನಮ್ಮ ಸರ್ಕಾರ 2023ರಲ್ಲಿಯೇ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆಯನ್ನು ಅಧಿಸೂಚಿಸಿದೆ. ಆದರೆ ನಿಯಮ ಎಷ್ಟೇ ಬಿಗಿಯಾದರೂ ಚೀಲದ ಮೇಲೆ ಹೆಸರು ಬರೆಯುವ ಕೈ ನಿನ್ನಂಥವರದೇ.

ಇನ್ನೊಂದು ಮಾತು ಪ್ರಮಾಣದ ಬಗ್ಗೆ. ಐಸ್‌ಲ್ಯಾಂಡಿನಲ್ಲಿ 2021ರಲ್ಲಿ ಶುರುವಾದ ಓರ್ಕಾ ಎಂಬ ಸ್ಥಾವರ ಗಾಳಿಯಿಂದ ನೇರವಾಗಿ ಇಂಗಾಲದ ಡೈಆಕ್ಸೈಡ್ ಹೀರಿ, ನೀರಿನಲ್ಲಿ ಕರಗಿಸಿ, ಇದೇ ಬಸಾಲ್ಟಿನೊಳಗೆ ಇಳಿಸಿ ಕಲ್ಲಾಗಿಸುತ್ತದೆ. ಶುರುವಾದಾಗ ಹೇಳಿದ ಅದರ ಸಾಮರ್ಥ್ಯ ವರ್ಷಕ್ಕೆ 4,000 ಟನ್. ಕಲ್ಲಿದ್ದಲು, ಎಣ್ಣೆ, ಅನಿಲಗಳಿಂದ ಜಗತ್ತು ವರ್ಷಕ್ಕೆ ಉಗುಳುವುದು ಸುಮಾರು 3,700 ಕೋಟಿ ಟನ್. ಭಾಗಿಸಿ ನೋಡಿದರೆ ಓರ್ಕಾದ ಇಡೀ ವರ್ಷದ ದುಡಿಮೆ ನಮ್ಮ ನಾಲ್ಕು ಸೆಕೆಂಡಿನ ಹೊಗೆಗೂ ಸಾಲದು. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2022ರ ವರದಿ ತೆಗೆಯುವಿಕೆ ಅನಿವಾರ್ಯವೆಂದದ್ದು, ಕೃಷಿ, ವಿಮಾನ, ಹಡಗುಗಳಂಥ ಕಡೆ ಎಷ್ಟು ಇಳಿಸಿದರೂ ಉಳಿಯುವ ಹೊಗೆಗೆ. ನಾಳೆ ಇಳಿಸಬಹುದಾದ ಹೊಗೆಯನ್ನು ಇಳಿಸದಿರಲು ನಿಮ್ಮ ಪುಡಿಯನ್ನು ನೆಪ ಮಾಡಿಕೊಳ್ಳುವ ಗಿರಾಕಿಯೂ ಬರುತ್ತಾನೆ. ಅವನಿಗೆ ಮಾರುವುದೋ ಬಿಡುವುದೋ ನಿನ್ನ ಕೈಯಲ್ಲಿಲ್ಲದಿರಬಹುದು, ಆದರೆ ಸಭೆಯಲ್ಲಿ ಕೇಳುವ ಬಾಯಿ ನಿನಗಿದೆ.

ಕೆಲಸಕ್ಕೆ ಸೇರಿದ ವಾರದಲ್ಲೇ, ಪುಡಿ ಹರಡುವ ಮುಂಚಿನ ಮಣ್ಣಿನ ಮಾದರಿಗಳನ್ನು ಎಲ್ಲಿ ಇಟ್ಟಿದ್ದಾರೆ, ಪುಡಿ ಹಾಕದೆ ಬಿಟ್ಟ ಹೋಲಿಕೆಯ ಮಡಿಗಳು ಎಷ್ಟಿವೆ ಎಂದು ವಿಚಾರಿಸು. ದಸರೆಗೆ ಊರಿಗೆ ಬರುವಾಗ ಎರಡು ಕಿಲೋ ಪುಡಿ ತಾ. ಬಾವಿಯ ಕಡೆಯ ಮಡಿಯಲ್ಲಿ ಹಾಕೋಣ, ಗುಂಡಿ ನಾನೇ ತೋಡುತ್ತೇನೆ.

ಇಂತಿ,
ನಿನ್ನ ಸೋದರಮಾವ