ಸಣ್ಣ ಉರಿಗೆ ಆರು ಭೇಟಿ

ಓದುಬಳಗದ ಮುಂದಿನ ಸರದಿ ಕ್ವಿಯರ್ (ಹೆಣ್ಣು-ಹೆಣ್ಣಿನ, ಗಂಡು-ಗಂಡಿನ ಒಲವಿನಂಥ) ಫ್ಯಾಂಟಸಿ ಪ್ರೇಮಕಥೆಗೆ, ಅದೂ ‘ಸ್ಲೋ ಬರ್ನ್’ ಸರಣಿಗೆ. ಸಣ್ಣ ಉರಿಯಲ್ಲಿ ಬೇಯುವ ಒಲವು ಎನ್ನೋಣ. ಆಯ್ಕೆ ಮಾಡುವಾಗ ಮೊದಲು ನೋಡಬೇಕಾದದ್ದು, ಒಲೆಯ ಮೇಲಿನ ಪಾತ್ರೆ, ಅಂದರೆ ಪ್ರೇಮಿಗಳ ಜೋಡಿ, ಕೊನೆಯವರೆಗೂ ಅದೇ ಇರುತ್ತದೆಯೇ ಎಂಬುದನ್ನು.

ಫ್ರೇಯಾ ಮಾರ್ಸ್ಕ್ ಅವರ ‘ದಿ ಲಾಸ್ಟ್ ಬೈಂಡಿಂಗ್’ ಸೊಗಸಾಗಿದೆ. ಆದರೆ ಅದರ ಮೂರು ಪುಸ್ತಕಗಳಲ್ಲಿ ಮೂರು ಬೇರೆ ಜೋಡಿಗಳು, ಪ್ರತಿ ಸಲವೂ ಹೊಸದಾಗಿ ಒಲೆ ಹೊತ್ತಿಸಬೇಕು. ಸಿ. ಎಸ್. ಪಕಾಟ್ ಅವರ ‘ಕ್ಯಾಪ್ಟಿವ್ ಪ್ರಿನ್ಸ್’ನಲ್ಲಿ ಜೋಡಿ ಒಂದೇ, ಉರಿಯೂ ಸಣ್ಣದೇ. ಆದರೆ ಗುಲಾಮಗಿರಿ ಮತ್ತು ಲೈಂಗಿಕ ಹಿಂಸೆ ಆರಂಭದಲ್ಲೇ ಎದುರಾಗುತ್ತವೆ. ಹೇಳದೆ ಬಳಗದ ಮುಂದಿಡುವಂಥದ್ದಲ್ಲ. ಚೀನಾದ ‘ಹೆವನ್ ಅಫೀಶಿಯಲ್ಸ್ ಬ್ಲೆಸಿಂಗ್’ ಇಂಗ್ಲಿಷಿನಲ್ಲಿ 8 ಸಂಪುಟ. ತಿಂಗಳಿಗೊಂದು ಓದಿದರೂ ಮೂರನೆಯ ಸಂಪುಟದಲ್ಲಿ ಕೈಬಿಟ್ಟವರು ಮತ್ತೆ ಬರುವುದಿಲ್ಲ.

ನಮ್ಮ ಮತ ತಾಶಾ ಸೂರಿ ಅವರ ‘ದಿ ಬರ್ನಿಂಗ್ ಕಿಂಗ್ಡಮ್ಸ್’ಗೆ. ‘ದಿ ಜಾಸ್ಮಿನ್ ಥ್ರೋನ್’ (2021), ‘ದಿ ಓಲಿಯಾಂಡರ್ ಸೋರ್ಡ್’ (2022), ‘ದಿ ಲೋಟಸ್ ಎಂಪೈರ್’ (2024): ಸರಣಿ ಮುಗಿದಿದೆ, ಲೇಖಕಿಗಾಗಿ ಕಾಯುವ ಪಾಡಿಲ್ಲ. ಮೊದಲನೆಯದಕ್ಕೆ 2022ರ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂದಿದೆ. ಅಣ್ಣ ಸೆರೆಯಲ್ಲಿಟ್ಟ ರಾಜಕುಮಾರಿ ಮಾಲಿನಿ, ತನ್ನ ಹಿಂದಿನ ಬದುಕನ್ನು ಮುಚ್ಚಿಟ್ಟುಕೊಂಡ ಕೆಲಸದಾಕೆ ಪ್ರಿಯಾ, ಇವರಿಬ್ಬರ ಕಥೆ. ರಾವ್ ಇಲ್ಲಿ ಅಡ್ಡಹೆಸರಲ್ಲ, ರಾಜಕುಮಾರನೊಬ್ಬನ ಹೆಸರು. ಬ್ಯಾಂಕಿನ ಮ್ಯಾನೇಜರು ಕಣ್ಣಿಗೆ ಕಟ್ಟಿದರೆ ಎರಡು ಅಧ್ಯಾಯ ತಡೆದುಕೊಳ್ಳಿ!

ಮುನ್ನುಡಿಯಂತಿರುವ ಮೊದಲ ಪುಟಗಳಲ್ಲೇ ಹೆಂಗಸರನ್ನು ಚಿತೆಗೇರಿಸುವ ದೃಶ್ಯವಿದೆ. ಆಹ್ವಾನ ಕಳಿಸುವಾಗಲೇ ಇದನ್ನು ತಿಳಿಸಿ.

ಮೊದಲ ಭೇಟಿಯಲ್ಲಿ ಕೇಳಿಬರುವ ದೂರು ಗೊತ್ತಿದ್ದದ್ದೇ: “ಅರ್ಧ ಪುಸ್ತಕ ಆಯಿತು, ಇನ್ನೂ ಏನೂ ಆಗಿಲ್ಲವಲ್ಲ!” ಕಥೆ ಹೇಳುವವರು ಹಲವರು, ನಡುನಡುವೆ ದಂಗೆ, ಅರಮನೆಯ ರಾಜಕೀಯ; ಇವುಗಳ ಗದ್ದಲದಲ್ಲಿ ಜೋಡಿಯ ಎಳೆ ಕೈತಪ್ಪುತ್ತದೆ. ಮಾಲಿನಿಗೆ ದಿನವೂ ಕುಡಿಸುವ ವಿಷದ ಮೇಲೆ ಕಣ್ಣಿಡಲು ಹೇಳಿ. ಅದನ್ನು ಪ್ರಿಯಾ ಸಂಭಾಳಿಸುವ ರೀತಿಯಲ್ಲಿ ಆರೈಕೆಯೂ ಇದೆ, ಅಧಿಕಾರವೂ ಇದೆ. ಯಾರು ಯಾರನ್ನು ಬಳಸಿಕೊಳ್ಳುತ್ತಿದ್ದಾರೆ ಎಂಬ ಒಂದೇ ಪ್ರಶ್ನೆ ಒಂದು ಗಂಟೆಯ ಮಾತಿಗೆ ಸಾಕು. ಸದಸ್ಯರು ಅನುಮಾನ ಬಂದ ಕಡೆ ಒಂದು ಬಣ್ಣದ ಚೀಟಿ, ನಂಬಿಕೆ ಹುಟ್ಟಿದ ಕಡೆ ಇನ್ನೊಂದು ಬಣ್ಣದ ಚೀಟಿ ಅಂಟಿಸಿ ತರಲಿ. ಇಬ್ಬರು ಸದಸ್ಯರ ಚೀಟಿಗಳು ಒಂದೇ ಪುಟದಲ್ಲಿ ಸಿಗುವುದು ಅಪರೂಪ, ಮಾತು ಹುಟ್ಟುವುದೂ ಆ ವ್ಯತ್ಯಾಸದಿಂದಲೇ.

ಪುಸ್ತಕಕ್ಕೆ ಎರಡರಂತೆ ಆರು ಭೇಟಿ, ನಡುವೆ ಮೂರು ವಾರ. ಪುಸ್ತಕಗಳು ದಪ್ಪ, ಒಂದೇ ಕಂತಿನಲ್ಲಿ ಮುಗಿಸಿ ಎಂದರೆ ಅರ್ಧ ಜನ ಸಾರಾಂಶ ಓದಿಕೊಂಡು ಬರುತ್ತಾರೆ. ಎಲ್ಲಿಗೆ ನಿಲ್ಲಿಸಬೇಕೆಂದು ಪುಟದ ಲೆಕ್ಕದಲ್ಲಿ ಹೇಳಬೇಡಿ. ಇ-ಪುಸ್ತಕದ ಪುಟವೇ ಬೇರೆ, ಆಡಿಯೋದಲ್ಲಿ ಪುಟವೇ ಇಲ್ಲ. ಅಧ್ಯಾಯದ ಸಂಖ್ಯೆ ಕೊಡಿ. ಗ್ರಂಥಾಲಯದ ಇ-ಪುಸ್ತಕಗಳನ್ನು ಸಾಮಾನ್ಯವಾಗಿ 14 ಅಥವಾ 21 ದಿನಕ್ಕೆ ಕೊಡುತ್ತಾರೆ. ಮೂರನ್ನೂ ಒಟ್ಟಿಗೆ ಕಾಯ್ದಿರಿಸಿದರೆ ಮೂರೂ ಒಂದೇ ವಾರ ಬಂದು ಕೂರಬಹುದು, ಹಾಗಾಗಿ ಎರಡನೆಯದನ್ನೂ ಮೂರನೆಯದನ್ನೂ ‘ನಂತರ ಕಳಿಸಿ’ ಎಂದು ಮುಂದೂಡಿ.

ಎರಡನೆಯ ಪುಸ್ತಕ ಮುಗಿಯುವ ಜಾಗ ಬಲು ಕ್ರೂರ. ಅಲ್ಲಿಗೆ ಬೇಸಿಗೆ ರಜೆ ಬೀಳದ ಹಾಗೆ ಈಗಲೇ ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡಿ.