ಅಮ್ಮ, ನೀವು ಚಳಿಗಾಲದಲ್ಲೇ ಬನ್ನಿ

ಬರ್ನ್, ಸ್ವಿಟ್ಜರ್ಲೆಂಡ್
ಫೆಬ್ರುವರಿ

ಪ್ರೀತಿಯ ಅಮ್ಮ ಮತ್ತು ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಉಡುಪಿಯಲ್ಲಿ ಆಗಲೇ ಸೆಕೆ ಶುರುವಾಗಿರಬೇಕು. "ಹಿಮದಲ್ಲಿ ಬೆಟ್ಟ ಸುತ್ತುವುದು ನಮ್ಮ ವಯಸ್ಸಿಗೆ ಆಗುವ ಕೆಲಸವಲ್ಲ, ಬಂದರೆ ಮೇ ಕಳೆದ ಮೇಲೆಯೇ" ಎಂದು ಅಮ್ಮ ಫೋನಿನಲ್ಲಿ ಹೇಳಿದ ಮಾತು ತಲೆಯಲ್ಲಿತ್ತು. ಶನಿವಾರ ಓಶಿನೆನ್ ಸರೋವರಕ್ಕೆ ಹೋಗಿ ಬಂದೆ. ಈಗ ಗಟ್ಟಿಯಾಗಿ ಹೇಳುತ್ತೇನೆ, ಇದು ನಿಮ್ಮಿಬ್ಬರಿಂದಲೂ ಆಗುತ್ತದೆ.

ಇಲ್ಲಿಂದ ಕಾಂಡರ್‌ಸ್ಟೆಗ್ ಎಂಬ ಹಳ್ಳಿಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಕಡಿದಾದ ಏರನ್ನೆಲ್ಲ ಗೊಂಡೊಲಾ, ಅಂದರೆ ತಂತಿಯಲ್ಲಿ ತೂಗುತ್ತಾ ಸಾಗುವ ಪುಟ್ಟ ಡಬ್ಬಿ, ಹತ್ತಿಸಿಬಿಡುತ್ತದೆ. ಅಲ್ಲಿಂದ ಸರೋವರಕ್ಕೆ ಸುಮಾರು ಒಂದೂವರೆ ಕಿಲೋಮೀಟರ್, ಹೆಚ್ಚಿನದು ಇಳಿಜಾರು. ದಿನವೂ ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ನಡೆಯುವ ಅಪ್ಪನಿಗೆ ಇದು ಲೆಕ್ಕಕ್ಕೇ ಇಲ್ಲ. ಕಾರ್ಕಳದ ಗೊಮ್ಮಟನ ಮೆಟ್ಟಿಲನ್ನು ಬಿಸಿಲಿನಲ್ಲಿ ಹತ್ತಿದ ಅಮ್ಮನಿಗೂ ಅಷ್ಟೇ. ಉಸಿರು ಕಟ್ಟುವ ಭಯವೂ ಬೇಡ. ಸರೋವರ ಇರುವುದು 1,578 ಮೀಟರ್ ಎತ್ತರದಲ್ಲಿ, ನಮ್ಮ ಕುದುರೆಮುಖದ ತುದಿಗಿಂತ ತಗ್ಗಿನಲ್ಲಿ.

ದಾರಿಯ ಹಿಮವನ್ನು ಯಂತ್ರದಿಂದ ಒತ್ತಿ ಗಟ್ಟಿ ಮಾಡಿರುತ್ತಾರೆ. ಬೇಸಗೆಯ ಕಾಲುದಾರಿಗೆ ಹಳದಿ ಫಲಕ, ಚಳಿಗಾಲದ್ದಕ್ಕೆ ಗುಲಾಬಿ. ಗುಲಾಬಿ ಫಲಕ ಬಿಟ್ಟು ಆಚೀಚೆ ಹೋಗಬಾರದು. ಹಿಮಕುಸಿತದ ಅಪಾಯ ಹೆಚ್ಚಿದ ದಿನ ದಾರಿಯನ್ನೇ ಮುಚ್ಚುತ್ತಾರೆ. ಈ ಶಿಸ್ತು ಇರುವುದರಿಂದಲೇ ನಿಮ್ಮನ್ನು ಕರೆಯುವ ಧೈರ್ಯ ನನಗೆ ಬಂದದ್ದು.

ಕಾಡು ಮುಗಿದ ತಕ್ಷಣ ಎದುರಿಗೆ ಬಂಡೆಯ ಗೋಡೆಗಳು, ಅವುಗಳ ಮೇಲೆ 3,661 ಮೀಟರಿನ ಬ್ಲೂಮ್ಲಿಸಾಲ್ಪ್ ಶಿಖರ, ಕೆಳಗೆ ಹೆಪ್ಪುಗಟ್ಟಿದ ಸರೋವರ. ಹಿಂದೆ ಬೆಟ್ಟ ಕುಸಿದು ಕಣಿವೆಗೆ ಅಡ್ಡ ಬಿದ್ದಾಗ ನೀರು ನಿಂತು ಆದದ್ದಂತೆ. ಮಂಜುಗಡ್ಡೆಯ ದಪ್ಪವನ್ನು ಅಳೆದು, ಅಪಾಯವಿಲ್ಲ ಎಂದು ಪ್ರಕಟಿಸಿದ ಮೇಲೆಯೇ ಜನ ಅದರ ಮೇಲೆ ಕಾಲಿಡುತ್ತಾರೆ. ಅವತ್ತು ದಾರಿ ತೆರೆದಿತ್ತು.

ನಡುವೆ ಒಬ್ಬ ಅಜ್ಜ ಕೈಬೈರಿಗೆಯಿಂದ ಮಂಜುಗಡ್ಡೆ ಕೊರೆಯುತ್ತಿದ್ದರು. ಬಿಳಿ ಪುಡಿ ಸುರುಳಿ ಸುರುಳಿಯಾಗಿ ಮೇಲೆ ಬಂತು. ಆಮೇಲೆ ಬೈರಿಗೆ ಥಟ್ಟನೆ ಹಗುರವಾಗಿ, ಕೊಡಪಾನದ ಬಾಯಿಯಷ್ಟಗಲದ ತೂತಿನಲ್ಲಿ ಕಪ್ಪು ನೀರು ಉಕ್ಕಿ ನಿಂತಿತು. ಅವರು ಮೊಣಕಾಲೂರಿ ಕೂತು ಗಾಳ ಇಳಿಸಿದರು. ಮೀನು ಹೇಗೆ ಬದುಕಿರುತ್ತದೆ ಎಂದು ಅಮ್ಮ ಕೇಳಿಯೇ ಕೇಳುತ್ತಾರೆ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಆ ನೀರು ತಳ ಸೇರುತ್ತದೆ, ಅದಕ್ಕಿಂತ ತಣ್ಣಗಾದದ್ದು ಮೇಲೆ ಉಳಿದು ಗಡ್ಡೆಯಾಗುತ್ತದೆ. ಆ ಗಡ್ಡೆಯೇ ಹೊದಿಕೆಯಾಗಿ ಕೆಳಗಿನ ಜೀವಗಳನ್ನು ಕಾಯುತ್ತದೆ.

ದಡದಲ್ಲಿ ಕೂತು ಅಮ್ಮ ಕಳುಹಿಸಿದ ಪುಡಿಯ ಕಷಾಯ ಕುಡಿದೆ. ಫ್ಲಾಸ್ಕಿನ ಮುಚ್ಚಳ ತೆರೆದದ್ದೇ ಕೊತ್ತಂಬರಿ ಜೀರಿಗೆಯ ಪರಿಮಳ. ಅಷ್ಟು ಚಳಿಯಲ್ಲಿ ಅದರ ರುಚಿಯೇ ಬೇರೆ.

ಕಷ್ಟವಿರುವುದು ವಾಪಸು ಬರುವಾಗ. ಇಳಿದ ನೂರು ಮೀಟರನ್ನು ಮತ್ತೆ ಹತ್ತಬೇಕು. ಅಪ್ಪನ ಮಂಡಿಗೆ ಊರುಗೋಲು ಬೇಕಾಗುತ್ತದೆ, ನಿಂತು ನಿಂತು ಬಂದರಾಯಿತು. ಹತ್ತಿಯ ಬಟ್ಟೆ ಒಳಗೆ ಹಾಕಬಾರದು, ಬೆವರಿಗೆ ಒದ್ದೆಯಾದರೆ ಮೈ ಕೊರೆಯುತ್ತದೆ. ಉಣ್ಣೆಯದ್ದನ್ನು ನಾನೇ ತಂದಿಡುತ್ತೇನೆ. ಶೂ ಅಡಿಗೆ ಕಟ್ಟುವ ಮುಳ್ಳಿನ ಪಟ್ಟಿಯೂ ಇದೆ. ಕಪ್ಪು ಕನ್ನಡಕ ಮಾತ್ರ ಮರೆಯಬೇಡಿ, ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ.

ಕೃಷ್ಣಮಠದಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯ ಉತ್ಸವ ಈ ಜನವರಿಗೆ ಮುಗಿಯಿತು, ಮುಂದಿನ ಜನವರಿಯಲ್ಲಿ ಅದೂ ಇಲ್ಲ. ಹಾಗಾಗಿ ಊರು ಬಿಡಲಾಗದು ಎನ್ನುವ ಮಾತು ಬೇಡ. ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಅಪ್ಪ, ಇಬ್ಬರ ಪಾಸ್‌ಪೋರ್ಟ್ ಅವಧಿ ಎಂದಿನವರೆಗೆ ಇದೆ ಎಂದು ಈ ವಾರವೇ ನೋಡಿ ತಿಳಿಸಿ.

ನಿಮ್ಮ ಪ್ರೀತಿಯ ಮಗಳು